ನೇತ್ರಾಣಿಗೆ ಡೈವಿಂಗ್ ಹೋಗ್ತಿದೀವಿ, ನೀರೊಳಗೆ ಏನಾದ್ರೂ ಕುಟುಕಿದ್ರೆ ಏನ್ಮಾಡ್ಬೇಕು?

ಮೈಸೂರ್_ಮೀನು
ಡಿಸೆಂಬರ್‌ನಲ್ಲಿ ನಾನು, ಅಕ್ಕ, ಭಾವ ಮೂರೂ ಜನ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಫಸ್ಟ್ ಟೈಮ್ ಸ್ಕೂಬಾ ಮಾಡೋಣ ಅಂತ ಬುಕ್ ಮಾಡಿದೀವಿ. ಈಜು ಬರ್ದಿದ್ರೂ ಪರ್ವಾಗಿಲ್ಲ, ಇನ್‌ಸ್ಟ್ರಕ್ಟರ್ ಹಿಡ್ಕೊಂಡೇ ಇರ್ತಾರೆ ಅಂದ್ರು, ಅದು ಸರಿ. ಆದ್ರೆ ಅಕ್ಕ ವಿಷದ ಮುಳ್ಳಿರೋ ಲಯನ್‌ಫಿಶ್ ಅನ್ನೋ ಮೀನಿನ ವಿಡಿಯೋ ನೋಡಿ ಹೆದರ್ಕೊಂಡು ಕೂತಿದಾಳೆ, ಭಾವ ಬೇರೆ ಜೆಲ್ಲಿಫಿಶ್ ತಾಗಿದ್ರೆ ಮೂತ್ರ ಹೊಯ್ಬೇಕು ಅಂತ ಸೀರಿಯಸ್ಸಾಗೇ ಹೇಳ್ತಿದಾರೆ. ನಾನಂತೂ ಹೊಯ್ಯಿಸ್ಕೊಳಲ್ಲ 😂 ನಿಜವಾಗ್ಲೂ ಕುಟುಕಿದ್ರೆ ಏನ್ಮಾಡ್ಬೇಕು, ಕುಟುಕ್ದೇ ಇರೋಕೆ ಏನ್ಮಾಡ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್. ಗ್ಲೌಸ್ ತಗೊಂಡ್ ಬರ್ಲಾ?

ಗಾಳಿಗುಳ್ಳೆ
ಅಂಡಮಾನ್‌ನ ಹ್ಯಾವ್‌ಲಾಕ್‌ನಲ್ಲೂ ನೇತ್ರಾಣಿಲೂ ಡೈವ್ ಮಾಡ್ಸಿದೀನಿ, ಅದಕ್ಕೇ ಹೇಳ್ತೀನಿ, ಅಲ್ಲಿ ಯಾವ ಮೀನೂ ನಿಮ್ಮನ್ನ ಹುಡುಕ್ಕೊಂಡು ಬಂದು ಚುಚ್ಚಲ್ಲ. ಲಯನ್‌ಫಿಶ್ ಅಟ್ಟಿಸ್ಕೊಂಡು ಬರೋ ಜಾತಿನೇ ಅಲ್ಲ, ಬಂಡೆ ಸಂದಿಲಿ ಸುಮ್ನೆ ತೇಲ್ತಾ ಇರತ್ತೆ, ಬೆನ್ನ ಮೇಲಿರೋ 13 ಮುಳ್ಳಲ್ಲೂ ವಿಷ, ಹೊಟ್ಟೆ ಕೆಳಗೆ ಇನ್ನೊಂದಿಷ್ಟು, ಆದ್ರೆ ನೀವಾಗಿ ಹತ್ರ ಹೋಗಿ ಒತ್ತಿದ್ರೆ ಮಾತ್ರ ಚುಚ್ಚತ್ತೆ. ನಿಜವಾದ ಕಾಟ ಅಂದ್ರೆ ಸ್ಕಾರ್ಪಿಯನ್‌ಫಿಶ್, ಪಾಚಿ ಹಿಡ್ದಿರೋ ಕಲ್ಲು ಅನ್ಕೊಂಡು ಕೈ ಊರ್ತೀರ, ಕಲ್ಲಿಗೆ ಕಣ್ಣಿರತ್ತೆ. ಅದಕ್ಕೇ ಬ್ಯಾಲೆನ್ಸ್ ತಪ್ತು ಅಂತ ಬಂಡೆ ಹಿಡಿಬೇಡಿ, ತಳಕ್ಕೆ ಮಂಡಿ ಊರ್ಬೇಡಿ, ಕೈ ಎದೆ ಮೇಲೆ ಕಟ್ಕೊಂಡಿರಿ, ಬ್ಯಾಲೆನ್ಸ್ ನೋಡ್ಕೊಳೋದು ಇನ್‌ಸ್ಟ್ರಕ್ಟರ್ ಕೆಲ್ಸ.

ಗ್ಲೌಸ್ ಬೇಡ. ಹಾಕ್ಕೊಂಡ್ರೆ ಎಲ್ಲಾ ಮುಟ್ಟೋ ಧೈರ್ಯ ಬರತ್ತೆ, ಎಷ್ಟೋ ಮರೀನ್ ಪಾರ್ಕ್‌ಗಳಲ್ಲಿ ಇದೇ ಕಾರಣಕ್ಕೆ ಬ್ಯಾನ್ ಮಾಡಿದಾರೆ. ಫುಲ್ ವೆಟ್‌ಸೂಟ್ (ಮೈಗಂಟೋ ರಬ್ಬರ್ ಡ್ರೆಸ್) ಕೇಳಿ, ಇಲ್ಲಾಂದ್ರೆ ಉದ್ದ ತೋಳಿನ ರಾಶ್‌ಗಾರ್ಡ್ (ಈಜೋಕೆ ಹಾಕೋ ಬಿಗಿ ಟೀಶರ್ಟ್) ಜೊತೆ ಲೆಗ್ಗಿಂಗ್ಸ್ ಹಾಕಿ, ತೆಳು ಲೈಕ್ರಾ ಇದ್ರೂ ಜೆಲ್ಲಿಫಿಶ್ ದಾರ ಚರ್ಮಕ್ಕೆ ತಾಗಲ್ಲ. ಇಳಿಯೋವಾಗ ಹಿಡ್ಕೊಳೋ ಹಗ್ಗ ನೋಡ್ಕೊಂಡು ಹಿಡೀರಿ, ಅದಕ್ಕೆ ಜೆಲ್ಲಿಫಿಶ್‌ನ ಹರಿದ ದಾರಗಳು ಸುತ್ಕೊಂಡಿರತ್ತೆ, ಹೈಡ್ರಾಯ್ಡ್ ಅಂತ ಗರಿ ಥರ ಇರೋ ಸಮುದ್ರ ಜೀವಿ ಬೆಳ್ದಿರತ್ತೆ, ಅದೂ ಉರಿಯತ್ತೆ. ಮೇಲೆ ಬರೋವಾಗ ತಲೆ ಎತ್ತಿ ನೋಡ್ಕೊಂಡು ಬನ್ನಿ, ಜೆಲ್ಲಿ ಜಾಸ್ತಿ ಇರೋದು ಮೇಲ್ಗಡೆನೇ, ರೆಗ್ಯುಲೇಟರ್ (ಬಾಯಲ್ಲಿ ಕಚ್ಕೊಂಡು ಉಸಿರಾಡೋ ಸಾಧನ) ಸುತ್ತ ತುಟಿ ಕೆನ್ನೆ ಅಷ್ಟೂ ಓಪನ್ ಇರತ್ತೆ.

ಮುಖ್ಯವಾದ್ದು ಈಗ. ಕುಟುಕಿದ ತಕ್ಷಣ ಉಸಿರು ಕಟ್ಕೊಂಡು ಮೇಲಕ್ಕೆ ನುಗ್ಬೇಡಿ!! ಮುಳ್ಳಿನ ನೋವಿಂದ ಸಾಯೋರು ತೀರಾ ಅಪರೂಪ, ಉಸಿರು ಬಿಗಿಹಿಡಿದು ಹತ್ತು ಮೀಟರ್‌ನಿಂದ ಸರ್ರನೆ ಮೇಲೆ ಬಂದ್ರೆ ಒಳಗಿನ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶನೇ ಹರಿಬಹುದು. ಉಸಿರಾಡ್ತಾನೇ ಇರಿ, ಇನ್‌ಸ್ಟ್ರಕ್ಟರ್‌ಗೆ ಕೈ ಸನ್ನೆ ಮಾಡಿ, ನಿಧಾನಕ್ಕೆ ಬನ್ನಿ.

ಭಟ್ಕಳ_ಬೋಟು
ನಮ್ಮ ಕಡೆ ಇದೆಲ್ಲ ಹೊಸತಲ್ಲ ಮಾರಾಯ್ರೆ, ಬಲೆಲಿ ತೊರಕೆ (ಸ್ಟಿಂಗ್‌ರೇ ಮೀನು) ಬಂದ್ರೆ ಮೊದಲು ಬಾಲದ ಮುಳ್ಳು ಮುರಿದೇ ಉಳಿದ ಕೆಲಸ. ಚುಚ್ಚಿದ್ರೆ ದೊಡ್ಡ ಗಂಡಸ್ರೂ ಅತ್ತು ಬಿಡ್ತಾರೆ. ಸುಣ್ಣ ಅರಿಶಿನ ಹಚ್ಚೋರು ಇದಾರೆ, ಅದ್ರಿಂದ ಏನೂ ಆಗೂದಿಲ್ಲ, ಬಿಸಿನೀರೇ ಸೈ. ಗಾಯದ ಕೈ ಬಿಸಿನೀರಲ್ಲಿಟ್ಟ ಮೇಲೆ ಹಲ್ಲು ಕಚ್ಕಂಡಿದ್ದ ಮುಖ ಸಡಿಲಾಗೂದು ಕಣ್ಣಾರೆ ಕಾಣ್ತದೆ. ಬೋಟಲ್ಲಿ ಬಿಸಿನೀರು ಇಲ್ಲ ಅಂದ್ರೆ ಇಂಜಿನ್ ತಣ್ಣಗಾಗಿಸಿ ಹೊರಗೆ ಬೀಳೂ ನೀರನ್ನ ಬಕೇಟಿಗೆ ಹಿಡೀತಾರೆ, ಆದ್ರೆ ಮೊದಲು ಒಳ್ಳೆ ಕೈ ಇಟ್ಟು ನೋಡ್ಕಳಿ, ಕೆಲವು ಸಲ ಸುಟ್ಟೇ ಹೋಗ್ತದೆ. ದಡದ ಹತ್ರ ಮರಳಲ್ಲಿ ನಡೀವಾಗ ಕಾಲು ಎತ್ತಿ ಇಡ್ಬೇಡಿ, ಎಳ್ಕಂಡು ಹೋಗಿ, ಮರಳೊಳಗಿನ ತೊರಕೆ ತಾನೇ ಎದ್ದು ಹೋಗ್ತದೆ.

ನೈಟ್_ಡ್ಯೂಟಿ
ಮೇಲಿನವ್ರು ಹೇಳಿದ್ದು ಕರೆಕ್ಟು. ಲಯನ್‌ಫಿಶ್, ಕಲ್ಲಿನ ಥರನೇ ಕಾಣೋ ಸ್ಟೋನ್‌ಫಿಶ್, ತೊರಕೆ ಇವೆಲ್ಲದರ ವಿಷದಲ್ಲಿ ಶಾಖ ತಡಿಯದ ಪ್ರೋಟೀನ್ ಇರತ್ತೆ, ಅದಕ್ಕೇ ಬಿಸಿನೀರು. 45 ಡಿಗ್ರಿ ದಾಟಬಾರ್ದು, 30ರಿಂದ 90 ನಿಮಿಷ. ನೋವಲ್ಲಿರೋ ಕೈಗೆ ಎಷ್ಟು ಬಿಸಿ ಅಂತ ಗೊತ್ತಾಗಲ್ಲ, ಚುಚ್ಚದೇ ಇರೋ ಕೈಯಲ್ಲೇ ಪರೀಕ್ಷೆ ಮಾಡಿ.

ಜೆಲ್ಲಿಫಿಶ್ ಕತೆ ಬೇರೆ. ಮೂತ್ರ ಬೇಡ, ಬಾಟಲ್ ನೀರೂ ಬೇಡ, ಟವಲ್‌ನಲ್ಲಿ ಉಜ್ಜೋದಂತೂ ಬೇಡವೇ ಬೇಡ, ಇನ್ನೂ ಸಿಡೀದೇ ಉಳಿದಿರೋ ವಿಷದ ಕೋಶಗಳು ಅದ್ರಿಂದ ಸಿಡಿಬಹುದು. ಸಮುದ್ರದ ನೀರಲ್ಲೇ ತೊಳೆದು ಅಂಟಿರೋ ದಾರ ಚಿಮಟದಲ್ಲಿ ಎತ್ತಿ ತೆಗೀರಿ. ವಿನೆಗರ್ ಬಗ್ಗೆ ಒಂದೇ ಉತ್ತರ ಇಲ್ಲ. ಬಾಕ್ಸ್ ಜೆಲ್ಲಿ ಅನ್ನೋ ತುಂಬಾ ವಿಷದ ಜಾತಿಗೆ ವಿನೆಗರ್ ಬೇಕೇ ಬೇಕು ಅಂತಾರೆ ಆಸ್ಟ್ರೇಲಿಯಾದವ್ರು, ಅದೇ ಮಳೆಗಾಲದಲ್ಲಿ ಮುಂಬೈ ದಡಕ್ಕೆ ಬಂದು ಬೀಳತ್ತಲ್ಲ ನೀಲಿ ಬ್ಲೂಬಾಟಲ್, ಅದಕ್ಕೆ ಬೇಡ, ಬಿಸಿನೀರು ಹಾಕಿ ಅಂತಾರೆ.

ಸೀ ಅರ್ಚಿನ್ (ಮೈತುಂಬಾ ಮುಳ್ಳಿರೋ ಉಂಡೆಯಂಥ ಸಮುದ್ರ ಜೀವಿ) ಮುಳ್ಳು ಕಾಲಲ್ಲಿ ಮುರಿದ್ರೆ ಪಿನ್ ತಗೊಂಡು ಅಗೀಬೇಡಿ, ಪುಡಿ ಆಗತ್ತೆ. ಕೀಲಿನ ಹತ್ರ ಇದ್ರೆ ಡಾಕ್ಟರ್ ತೆಗೀಲಿ. ತೊರಕೆ ಮುಳ್ಳು ಎದೆ, ಹೊಟ್ಟೆ, ಕುತ್ತಿಗೆಗೆ ಹೊಕ್ಕಿದ್ರೆ ಕೀಳ್ಲೇಬೇಡಿ, ಹಾಗೇ ಅಲುಗದಂತೆ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ. 2006ರಲ್ಲಿ ಆಸ್ಟ್ರೇಲಿಯಾದ ಟಿವಿಯ ಮೊಸಳೆ ಹಿಡಿಯೋ ಸ್ಟೀವ್ ಇರ್ವಿನ್ ಸತ್ತಿದ್ದು ಎದೆಗೆ ಹೊಕ್ಕ ಅಂಥ ಮುಳ್ಳಿಂದನೇ. ಮೈಯೆಲ್ಲಾ ದದ್ದು, ಮುಖ ಊತ, ಉಸಿರಾಟ ಕಷ್ಟ, ಇದ್ರಲ್ಲಿ ಒಂದು ಕಂಡ್ರೂ ಕಾಯ್ಬೇಡಿ. ಟಿಟಿ (ಟೆಟನಸ್) ಇಂಜೆಕ್ಷನ್ ಹಾಕಿಸ್ಕೊಂಡು ವರ್ಷಗಳಾಗಿದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ.

ಮೈಸೂರ್_ಮೀನು
ಭಾವಂಗೆ ತೋರಿಸ್ದೆ, ಸೈಲೆಂಟ್ ಆದ್ರು 😄 ಫ್ಲಾಸ್ಕ್‌ನಲ್ಲಿ ಬಿಸಿನೀರು ತಗೊಂಡು ಹೋದ್ರೆ ಸಾಕಾ? ಬೋಟು ಒಂದೂವರೆ ಗಂಟೆ ಅಂತಾರೆ.

ಗಾಳಿಗುಳ್ಳೆ
ತಗೊಳಿ, ಆದ್ರೆ ಕುದಿಯೋ ನೀರು ನೇರ ಹಾಕ್ಬೇಡಿ, ಬಕೆಟ್‌ನಲ್ಲಿ ತಣ್ಣೀರು ಬೆರ್ಸಿ, ಆರ್ತಾ ಬಂದ ಹಾಗೆ ಸ್ವಲ್ಪ ಸ್ವಲ್ಪ ಸೇರಿಸ್ತಾ ಇರಿ. ಸೇರಿಸೋವಾಗ ಕೈ ಹೊರಗೆ ತೆಗೀರಿ. ಹತ್ತೋಕೆ ಮುಂಚೆ ಬೋಟಲ್ಲಿ ಫಸ್ಟ್ ಏಡ್ ಬಾಕ್ಸ್, ಆಕ್ಸಿಜನ್ ಇದ್ಯಾ ಅಂತ ಕೇಳಿ, ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ, ಮಾಡ್ಕೊಂಡ್ರೆ ಬೇರೆ ಬೋಟ್ ನೋಡಿ.