ಗೇರ್‌ಬಾಕ್ಸ್ ಮಾಡಿಸೋದಾ, ರೆಡಿ ತರೋದಾ?

ಕೇಳಿದ್ದು:
ನಾವು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದವರು, ಆರು ಜನರ ಟೀಮ್. 15 ಕೆಜಿಯ ರೋಬೋಟ್, ನಾಲ್ಕು ಚಕ್ರ, ಮುಂದೆ ಸಾಮಾನು ಎತ್ತಲು ಒಂದು ತೋಳು. ಸ್ಪರ್ಧೆಗೆ ಎರಡೇ ತಿಂಗಳಿದೆ. ಗೇರ್‌ಬಾಕ್ಸನ್ನು ಹರಿಹರದಲ್ಲಿ ಮಾಡಿಸೋಣ ಅಂತ ಮೂವರು, ಗೇರ್ ಸಮೇತ ಬರುವ ಮೋಟಾರ್ ತರಿಸೋಣ ಅಂತ ಮೂವರು. ಮಾಡಿ ನೋಡಿದವರು ಹೇಳಿ, ಅಣ್ಣಂದಿರೇ, ಅಕ್ಕಂದಿರೇ.

ಮೊದಲನೇ ಉತ್ತರ:
ಚಕ್ರಕ್ಕೆ ರೆಡಿ ಮೋಟಾರೇ ತನ್ನಿ. ನಾನು ಮಾಡಿಸಿ ಕೈ ಸುಟ್ಟುಕೊಂಡವಳು.

ನಮಗೂ ಇದೇ ಹುಮ್ಮಸ್ಸು ಇತ್ತು. ಹೇಳಿ ಕೇಳಿ ಹರಿಹರ ಪಕ್ಕದಲ್ಲೇ ಇದೆ, ಮೈಸೂರು ಕಿರ್ಲೋಸ್ಕರ್‌ನವರು ಲೇಥ್, ಅಂದರೆ ಲೋಹ ಕಡೆಯುವ ಯಂತ್ರ, ತಯಾರಿಸುತ್ತಿದ್ದ ಊರು. ಅಲ್ಲಿ ಆಗದಿದ್ದರೆ ಇನ್ನೆಲ್ಲಿ ಅಂದುಕೊಂಡೆವು. 1.5 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ, ಮಿ.ಮೀ.ನಲ್ಲಿ), ಚಿಕ್ಕ ಗೇರ್‌ಗೆ 18 ಹಲ್ಲು, ದೊಡ್ಡದಕ್ಕೆ 54. ಎರಡರ ಹಲ್ಲು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಅರ್ಧ ಮಾಡಿದರೆ ಗೇರ್ ಕೂರುವ ಸರಳುಗಳ, ಅಂದರೆ ಶಾಫ್ಟ್‌ಗಳ ನಡುವಿನ ದೂರ: 54 ಮಿ.ಮೀ. ಲೆಕ್ಕ ಸರಿ ಇತ್ತು. ಗೇರ್‌ಗಳೂ ಚೆನ್ನಾಗೇ ಬಂದವು.

ಕೆಡಿಸಿದ್ದು ನಾವು. ಆಮೇಲೆ ಶಾಫ್ಟನ್ನು 12ರಿಂದ 15 ಮಿ.ಮೀ.ಗೆ ಏರಿಸಿದೆವು. ದೊಡ್ಡ ಗೇರಿನ ತೂತು ದೊಡ್ಡದು ಮಾಡಬೇಕಲ್ವಾ? ಇಲ್ಲೇ ಹತ್ತಿರ ಒಂದು ಲೇಥಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಚಕ್‌ಗೆ ಕಚ್ಚಿಸಿ ಕೊರೆಸಿದೆವು. ಜೋಡಿಸಿ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತು ಸಲೀಸು, ಇನ್ನರ್ಧ ಸುತ್ತು ಬಿಗಿ. ಗ್ರೀಸ್ ಹಾಕಿದೆವು. ಹಲ್ಲಿಗೆ ಅರ ಹಾಕಿ ಉಜ್ಜಿದೆವು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಕೊನೆಗೆ ಕಾಲೇಜಿನ ವರ್ಕ್‌ಶಾಪ್ ಮೇಷ್ಟ್ರು ಕೂದಲೆಳೆಯಷ್ಟು ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಗೇರ್ ತಿರುಗಿಸಿದರು. ಮುಳ್ಳು ಆ ಕಡೆ ಈ ಕಡೆ ಓಡಾಡಿತು. ತೂತು ನಡುವಿನಿಂದ 0.2 ಮಿ.ಮೀ. ಸರಿದಿತ್ತು. ಅಷ್ಟೇ! ಗೇರ್ ಮತ್ತೆ ಮಾಡಿಸಲು ಹತ್ತು ದಿನ. ರೋಬೋಟ್ ನೆಲದ ಮೇಲೆ ಮೊದಲು ಓಡಿದ್ದು ಸ್ಪರ್ಧೆಯ ಹಿಂದಿನ ದಿನ. ಓಡಿಸುವವನಿಗೆ ಅಭ್ಯಾಸವೇ ಇರಲಿಲ್ಲ, ಗೋಡೆಗೆ ಗುದ್ದಿದ.

ಮರುವರ್ಷ ಗೇರ್ ಸಮೇತ ಬರುವ 12 ವೋಲ್ಟ್, 300 ಆರ್‌ಪಿಎಂ ಮೋಟಾರ್ ಕೊಂಡೆವು. 10 ಸೆಂ.ಮೀ. ಚಕ್ರಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗ, ಸಾಕು. ನಿಮ್ಮ 15 ಕೆಜಿಗೆ ನಾಲ್ಕೂ ಚಕ್ರ ಜಾರುವ ತನಕ ತಳ್ಳಬೇಕೆಂದರೆ, ರಬ್ಬರ್ ಹಿಡಿತ 0.6 ಎಂದು ಹಿಡಿದು, ಒಂದೊಂದಕ್ಕೆ 11 ಕೆಜಿ-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಬೇಕು. ಅಂಗಡಿಯವರು ದಪ್ಪ ಅಕ್ಷರದಲ್ಲಿ ಬರೆಯುವುದು ಹೆಚ್ಚಾಗಿ ಸ್ಟಾಲ್ ಟಾರ್ಕ್, ಅಂದರೆ ಮೋಟಾರ್ ನಿಂತೇ ಹೋಗುವಾಗಿನದು. ಅದನ್ನು ನಂಬಿ ಕೊಂಡರೆ ಮೋಟಾರ್ ಸುಡುತ್ತೆ.

ಇನ್ನೊಂದು ಮಾತು. ರೆಡಿ ಮೋಟಾರಿನ 6 ಮಿ.ಮೀ. ಶಾಫ್ಟಿಗೆ ನೇರ ಚಕ್ರ ಸಿಕ್ಕಿಸಿ ಇಡೀ ಭಾರ ಹೊರಿಸಬೇಡಿ, ಬಾಗುತ್ತೆ. ಚಕ್ರಕ್ಕೆ ಬೇರೆ ಬೇರಿಂಗ್ ಕೊಟ್ಟು, ಮೋಟಾರಿಗೆ ಬರೀ ತಿರುಗಿಸುವ ಕೆಲಸ ಬಿಡಿ.

ಎರಡನೇ ಉತ್ತರ:
ನಾನು ಹರಿಹರದಲ್ಲಿ ಲೇಥ್ ಇಟ್ಟವನು. ಆಯಮ್ಮ ಹೇಳಿದ್ದು ಸರಿ ಐತಿ, ಆದರೆ ತಪ್ಪು ಚಕ್ಕಿನದಲ್ಲ. ಕಚ್ಚಿಸಿದ ಮೇಲೆ ಡಯಲ್ ಹಾಕಿ ನೋಡಬೇಕಿತ್ತು. ಹುಡುಗರು ಬರ್ತಾರೆ, ಮೊಬೈಲಿನಲ್ಲಿ ಬಣ್ಣದ ಚಿತ್ರ ತೋರಿಸಿ ‘ಹಿಂಗೆ ಬೇಕು ಸರ್’ ಅಂತಾರೆ. ಅಳತೆ ಕೇಳಿದರೆ ಸುಮ್ನೆ ನಿಲ್ತಾರೆ. ಯಾವ ತೂತಿಗೆ ಬೇರಿಂಗ್ ಬಿಗಿ ಕೂರಬೇಕು, ಯಾವ ಶಾಫ್ಟ್ ಸಡಿಲ ಓಡಬೇಕು, ಬರೆದು ತನ್ನಿ. ಶಾಫ್ಟ್ ಹಿಡಿಯುವ ಅಕ್ಕಪಕ್ಕದ ಎರಡು ಪ್ಲೇಟ್ ಒಂದರ ಮೇಲೊಂದು ಬಿಗಿದು ಒಂದೇ ಸಲ ಕೊರೆಸಿ. ಬೇರೆ ಬೇರೆ ಕೊರೆಸಿದರೆ ಶಾಫ್ಟ್ ಸೊಟ್ಟ ಕೂರೋದು ಖಾತ್ರಿ.

ಮೂರನೇ ಉತ್ತರ:
ತೋಳಿಗೆ ಎರಡೂ ಬೇಡ. ಗುಜರಿಯಲ್ಲಿ ಕಾರಿನ ವೈಪರ್ ಮೋಟಾರ್ ಹುಡುಕಿ. ಒಳಗೆ ವರ್ಮ್ ಗೇರ್ (ಸ್ಕ್ರೂ ಥರದ ಗೇರ್, ಚಕ್ರದ ಕಡೆಯಿಂದ ತಿರುಗಿಸೋದು ಕಷ್ಟ) ಇರುತ್ತೆ, ಹಾಗಾಗಿ ಕರೆಂಟ್ ತೆಗೆದರೂ ತೋಳು ಸಾಮಾನ್ಯವಾಗಿ ದಪ್ ಅಂತ ಬೀಳಲ್ಲ. ಶಕ್ತಿ ಜಾಸ್ತಿ ತಿನ್ನುತ್ತೆ ಅನ್ನೋದು ನಿಜ, ಆದರೆ ಎತ್ತೋದು ಆಗೊಮ್ಮೆ ಈಗೊಮ್ಮೆ ತಾನೇ? ಹುಷಾರು: ಎಷ್ಟೋ ಗಾಡಿಗಳಲ್ಲಿ ಈ ಮೋಟಾರಿನ ನೆಗೆಟಿವ್ ಅದರ ಬಾಡಿಗೇ ಸೇರಿರುತ್ತೆ. ಹಾಗೇ ಕಬ್ಬಿಣದ ಚಾಸಿಗೆ ಬೋಲ್ಟ್ ಮಾಡಿ ಉಲ್ಟಾ ತಿರುಗಿಸಲು ಹೋದರೆ ಶಾರ್ಟ್ ಆಗಬಹುದು. ನಮ್ಮದೊಂದು ಮೋಟಾರ್ ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಹಾಗೇ ಹೊಗೆಯಾಯಿತು. ನಡುವೆ ನೈಲಾನ್ ತುಂಡು, ಬೋಲ್ಟಿಗೆ ನೈಲಾನ್ ಬುಷ್ (ಸಣ್ಣ ಕೊಳವೆ) ಹಾಕಿ.

ಕೇಳಿದವರು:
ಥ್ಯಾಂಕ್ಸ್ ಅಕ್ಕಾ, ಎಲ್ಲರಿಗೂ. ಚಕ್ರಕ್ಕೆ ರೆಡಿ ಮೋಟಾರ್, ನಾಲ್ಕಲ್ಲ, ಐದು ಆರ್ಡರ್ ಮಾಡಿದೆವು. ಬೇರಿಂಗ್ ಹಿಡಿಯುವ ಪ್ಲೇಟು, ತೋಳಿನ ಬುಷ್ಷು ಮಾತ್ರ ಮಾಡಿಸುವುದು. ಮಾಡಿಸಲೇಬೇಕು ಅಂತ ಹಟ ಹಿಡಿದ ಮೂವರಿಗೇ ಅದರ ಡ್ರಾಯಿಂಗ್ ಕೊಟ್ಟಿದ್ದೇವೆ. ಶನಿವಾರ ಹರಿಹರಕ್ಕೆ ಬರ್ತಾರೆ ಸರ್, ಅಳತೆ ಬರೆದುಕೊಂಡೇ.