ಪದಚರ್ಚೆ: ಫಿಲ್ಮಿನ ‘ಲೂಪ್’ಗೆ ಕುಣಿಕೆ ಸರಿಯೋ, ಕಮಾನು ಸರಿಯೋ? ಜೊತೆಗೆ ‘ತೊಳೆ’

ಬಳಗದ ಎಲ್ಲರಿಗೂ ಶರಣು.

ವಿಜಯಪುರದಲ್ಲಿ 16 ಎಂಎಂ ಫಿಲ್ಮಿನ ಕೈಕೆಲಸ ಕಲಿಸುವ ಎರಡು ದಿನದ ಶಿಬಿರಕ್ಕೆ ಕೈಪಿಡಿ ಸಿದ್ಧವಾಗುತ್ತಿದೆ. ಕ್ಯಾಮೆರಾ, ಗೇಟ್, ಸ್ಪೂಲ್, ನೆಗೆಟಿವ್ ಹಾಗೇ ಇರಲಿ, ಅವುಗಳಿಂದ ಯಾರಿಗೂ ತೊಡಕಿಲ್ಲ. ತೊಡಕಿರುವುದು ‘ಲೂಪ್’ನಲ್ಲಿ.

ಕ್ಯಾಮೆರಾದೊಳಗೆ ಹಲ್ಲುಗಾಲಿ ಫಿಲ್ಮನ್ನು ಎಡೆಬಿಡದೆ ಉಣಿಸುತ್ತಿರುತ್ತದೆ. ಲೆನ್ಸಿನ ಹಿಂದೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯಾದ ಗೇಟಿನಲ್ಲಿ ಮಾತ್ರ ಕೊಕ್ಕೆಯೊಂದು ತೂತಿಗೆ ಸಿಕ್ಕಿಕೊಂಡು ಒಂದು ಚೌಕಟ್ಟು ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ 24 ಸಲ. ಒಂದು ಕಡೆ ನಿಲ್ಲದ ಓಟ, ಇನ್ನೊಂದು ಕಡೆ ನಿಂತು ನಿಂತು ನಡೆ. ಇವೆರಡೂ ಹೊಂದಬೇಕಾದರೆ ಗೇಟಿನ ಮೇಲೊಂದು ಕೆಳಗೊಂದು ಕಡೆ ಫಿಲ್ಮ್ ಸಡಿಲವಾಗಿ ಬಾಗಿ ನಿಂತಿರಬೇಕು. ಆ ಬಾಗೇ ಲೂಪ್.

ನಿಘಂಟುಗಳು ‘ಕುಣಿಕೆ’ ಎನ್ನುತ್ತವೆ. ಆದರೆ ಕುಣಿಕೆ ಎಂದರೆ ಕೊಡಕ್ಕೆ ಹಾಕುವ ಹಗ್ಗದ ಕುಣಿಕೆ, ಎಳೆದಷ್ಟೂ ಬಿಗಿಯುವಂಥದ್ದು. ಫಿಲ್ಮಿನದು ಇದಕ್ಕೆ ತೀರಾ ಉಲ್ಟಾ: ಬಿಗಿದರೆ ಕೆಟ್ಟಿತು. ‘ಕುಣಿಕೆ ಹಾಕಿ’ ಎಂದು ಓದಿದವರ ಕೈ ತಾನಾಗಿ ಎಳೆಯುತ್ತದೆ. ಮೇಲಿನದು ಬಿಗಿದರೆ ಕ್ಯಾಮೆರಾ ಕಟಕಟ ಸದ್ದು ಮಾಡುತ್ತದೆ, ಚಿತ್ರ ಮೇಲೆ ಕೆಳಗೆ ಸವರಿದಂತೆ ಬರುತ್ತದೆ, ಕಡೆಗೆ ತೂತುಗಳೇ ಹರಿಯುತ್ತವೆ.

‘ಕಮಾನು’ ಎಂದರೆ ಹೇಗೆ? ಬಾರಾ ಕಮಾನ್ ಕಂಡ ಊರಿನವರಿಗೆ ಆಕಾರ ವಿವರಿಸಬೇಕಿಲ್ಲ. ಮೇಲಿನ ಕಮಾನು, ಕೆಳಗಿನ ಕಮಾನು ಎಂದು ಬೇರೆ ಮಾಡಲೂ ಬರುತ್ತದೆ. ಕಮಾನನ್ನು ಯಾರೂ ಜಗ್ಗುವುದಿಲ್ಲ, ನಿಲ್ಲಿಸುತ್ತಾರೆ.

ಇನ್ನೊಂದು ಪ್ರಶ್ನೆ. ಸ್ಟುಡಿಯೋದವರ ಮಾತಿನಲ್ಲಿ ಡೆವಲಪ್ ಮಾಡುವುದಕ್ಕೆ, ಅಂದರೆ ದ್ರಾವಣದಲ್ಲಿ ಅದ್ದಿ ಚಿತ್ರ ಕಾಣಿಸುವಂತೆ ಮಾಡುವುದಕ್ಕೆ, ‘ಫಿಲ್ಮ್ ತೊಳೆಯುವುದು’ ಎಂದೇ ರೂಢಿ. ಬರೀ ನೀರಲ್ಲಿ ತೊಳೆಯುವ ಹಂತವೂ ಇದೆ. ಒಂದೇ ಪುಟದಲ್ಲಿ ಎರಡು ‘ತೊಳೆ’ ಇರಬಹುದೇ?

(ವಿಜಯಪುರದಿಂದ)

* * *

ಉತ್ತರ, ಬಾಗಲಕೋಟೆಯಿಂದ:

ಅಕ್ಕಾರೆ, ಕುಣಿಕೆ ಬೇಡವೆಂಬ ನಿಮ್ಮ ಮಾತು ಒಪ್ಪಿದೆ. ಕಮಾನಿಗೆ ಒಂದೇ ಒಂದು ತಕರಾರು. ನಮ್ಮ ಕಡೆ ಗ್ಯಾರೇಜಿನಲ್ಲಿ ಕಮಾನು ಎಂದರೆ ಗಾಡಿಯ ಸ್ಪ್ರಿಂಗು. ಶಿಬಿರದ ಕ್ಯಾಮೆರಾ ಬೋಲೆಕ್ಸ್‌ನಂಥದ್ದಾದರೆ ಅದು ಓಡುವುದೇ ಸ್ಪ್ರಿಂಗಿನಿಂದ. ‘ಕಮಾನು ಸಡಿಲಾಗಿದೆ’ ಎಂದರೆ ಯಾವುದೆಂದು ಗೊಂದಲವಾದೀತು. ಹಾಗಾಗಿ ಸ್ಪ್ರಿಂಗಿನ ಮಾತು ಬಂದಲ್ಲೆಲ್ಲ ಗಡಿಯಾರಕ್ಕೆ ಹೇಳುವ ಹಾಗೆ ‘ಚಾವಿ ಕೊಡಿ’, ‘ಚಾವಿ ಮುಗಿಯಿತು’ ಎಂದೇ ಬರೆಯಿರಿ. ಆಗ ಕಮಾನು ಲೂಪಿಗೆ ಮಾತ್ರ ಉಳಿಯುತ್ತದೆ. ಬೋಲೆಕ್ಸ್ ಎಚ್16 ಕ್ಯಾಮೆರಾಕ್ಕೆ ಪೂರ್ತಿ ಚಾವಿ ಕೊಟ್ಟರೆ 24 ಚೌಕಟ್ಟಿನ ವೇಗದಲ್ಲಿ ಸುಮಾರು 28 ಸೆಕೆಂಡು ಓಡುತ್ತದೆ. 100 ಅಡಿ ಸ್ಪೂಲಿನಲ್ಲಿ 4000 ಚೌಕಟ್ಟು, ಅಂದರೆ 2 ನಿಮಿಷ 46 ಸೆಕೆಂಡು. ಒಂದು ಸ್ಪೂಲಿಗೆ ಏನಿಲ್ಲೆಂದರೂ ಆರು ಸಲ ಚಾವಿ ಬೇಕು.

ಕೈಪಿಡಿಯಲ್ಲಿ ಕಮಾನಿನ ಅಳತೆಯೂ ಬರಲಿ. ಚಿಕ್ಕದಾದರೆ ಎಳೆತ, ದೊಡ್ಡದಾದರೆ ಪೆಟ್ಟಿಗೆಯ ಗೋಡೆಗೆ ತಿಕ್ಕಿ ಗೀರು. ಮುಚ್ಚಳ ಹಾಕುವ ಮುಂಚೆ ಒಂದೆರಡು ಸೆಕೆಂಡು ಓಡಿಸಿ ನೋಡಬೇಕು: ಕಮಾನು ನಡುಗಬಹುದು, ಆದರೆ ಕುಗ್ಗಲೂ ಬಾರದು, ಹಿಗ್ಗಲೂ ಬಾರದು. ಎರಡು ತುದಿ ಕೂಡಿಸಿ ಪ್ರೊಜೆಕ್ಟರಿನಲ್ಲಿ ಸುತ್ತುತ್ತಲೇ ಇರುವಂತೆ ಮಾಡುವ ತುಂಡಿಗೂ ಇಂಗ್ಲಿಷಿನಲ್ಲಿ ಲೂಪ್ ಎಂದೇ ಹೆಸರು. ಅದನ್ನು ‘ಬಳೆ’ ಎನ್ನಿ, ಕಮಾನಿನೊಂದಿಗೆ ಬೆರೆಸಬೇಡಿ.

ನೀವು ಕೇಳದ ಒಂದು ಪದ: ಸ್ಪ್ಲೈಸ್, ಅಂದರೆ ಫಿಲ್ಮಿನ ಎರಡು ತುಂಡು ಕೂಡಿಸುವುದು. ಇದಕ್ಕೆ ಕನ್ನಡದಲ್ಲಿ ಎರಡು ಪದ ಬೇಕು, ಏಕೆಂದರೆ ಕೆಲಸವೇ ಎರಡು ಬಗೆ. ಫಿಲ್ಮ್ ಸಿಮೆಂಟ್ ಗೋಂದಲ್ಲ. ಅದು ಅಸಿಟೇಟ್ ಹಾಳೆಯನ್ನೇ ಕರಗಿಸಿ ಎರಡನ್ನು ಒಂದು ಮಾಡುತ್ತದೆ; ಅದು ನಿಜಕ್ಕೂ ‘ಬೆಸುಗೆ’. ಟೇಪ್ ಹಚ್ಚುವುದು ‘ಅಂಟು’. ಈ ವ್ಯತ್ಯಾಸ ಪದದಲ್ಲೇ ಇದ್ದರೆ, ಪಾಲಿಯೆಸ್ಟರ್ ಫಿಲ್ಮಿಗೆ ಸಿಮೆಂಟ್ ಯಾಕೆ ಹಿಡಿಯುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ: ಅದು ಕರಗುವುದಿಲ್ಲ, ಆದ್ದರಿಂದ ಬೆಸುಗೆಯಿಲ್ಲ, ಅಂಟೇ ಗತಿ. ಬೆಸುಗೆಗೆ ಒಂದು ತುದಿಯ ಲೇಪವನ್ನು (ಹಾಳೆಯ ಮೇಲೆ ಚಿತ್ರ ಹಿಡಿಯುವ ಪದರವನ್ನು) ಹಾಳೆ ಕಾಣುವವರೆಗೆ ಕೆರೆಯಬೇಕು. ಕೆರೆದ ಪುಡಿ ಒರೆಸಿ, ಒಂದೇ ಎಳೆತದಲ್ಲಿ ತೆಳುವಾಗಿ ಸಿಮೆಂಟ್ ಬಳಿದು, ಕೂಡಲೇ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಲೇಪ ಒಂದಿಷ್ಟು ಉಳಿದರೂ ಬೆಸುಗೆ ಅಂದು ನಿಂತಂತೆ ಕಂಡು ಪ್ರೊಜೆಕ್ಟರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸಿಮೆಂಟ್ ಹೆಚ್ಚಾದರೆ ಫಿಲ್ಮ್ ಸುಕ್ಕಾಗುತ್ತದೆ. ಸೀಸೆ ತೆರೆದಿಟ್ಟು ಮಂದವಾದ ಸಿಮೆಂಟ್ ಕರಗಿಸುವುದೇ ಇಲ್ಲ.

ಇಳಕಲ್ ಸೀರೆ ನೇಯುವವರ ‘ತೋಪು ತೆನಿ’ ಇಲ್ಲಿಗೆ ಹೊಂದೀತೇ ಎಂದು ಯೋಚಿಸಬೇಕಾಯಿತು. ಅಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅಂಥ ಚಂದದ ಪದವನ್ನು ಅಂಟುಪಟ್ಟಿಗೆ ಕೊಡುವುದು ಸರಿಯಲ್ಲ, ಅರ್ಥವೂ ಕೂಡುವುದಿಲ್ಲ.

* * *

ಉತ್ತರ, ಬೆಳಗಾವಿಯಿಂದ:

‘ತೊಳೆ’ ಬಗ್ಗೆ. ದಯವಿಟ್ಟು ಎರಡು ಅರ್ಥದಲ್ಲಿ ಬಳಸಬೇಡಿ. ‘ತೊಳೆದ ಮೇಲೆ ಮುಚ್ಚಳ ತೆಗೆಯಿರಿ’ ಎಂದು ಬರೆದಿದ್ದರೆ, ಡೆವಲಪರ್ ಚೆಲ್ಲಿ ನೀರು ಹಾಕಿದ ಕೂಡಲೇ ಯಾರಾದರೂ ಫಿಲ್ಮಿರುವ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಆಗಿನ್ನೂ ಹೈಪೋ, ಅಂದರೆ ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣದ ಹಂತ, ಆಗಿರುವುದಿಲ್ಲ. ಫಿಲ್ಮಿಗೆ ಬೆಳಕು ಬಡಿದು ಇಡೀ ಸ್ಪೂಲ್ ಹೋಯಿತು. ಅರ್ಥದ ದೃಷ್ಟಿಯಿಂದಲೂ ‘ತೊಳೆ’ ತಪ್ಪು. ಡೆವಲಪರ್ ಏನನ್ನೂ ತೆಗೆಯುವುದಿಲ್ಲ. ಚಿತ್ರ ಅಡಗಿರುತ್ತದೆ, ಬೆಳಕು ತಾಗಿದ ಹರಳುಗಳನ್ನು ಅದು ಕಪ್ಪು ಬೆಳ್ಳಿಯಾಗಿಸುತ್ತದೆ. ಅದಕ್ಕೆ ‘ಮೂಡಿಸು’ ಹೊಂದುತ್ತದೆ. ತೆಗೆಯುವುದು ಹೈಪೋ, ಬೆಳಕು ತಾಗದೆ ಉಳಿದ ಹರಳುಗಳನ್ನು. ಆದ್ದರಿಂದ ಮೂಡಿಸು, ಹೈಪೋಕ್ಕೆ ಹಾಕು. ‘ತೊಳೆ’ ಬರೀ ನೀರಿಗೆ ಮೀಸಲು.

ಕಾಫಿಯಿಂದ ಮೂಡಿಸುವುದನ್ನು ಕಲಿಸುವಿರಾದರೆ ಇನ್ನೊಂದು ಪದದ ಮೇಲೆ ಕಣ್ಣಿರಲಿ: ‘ಸೋಡಾ’. 1 ಲೀಟರಿಗೆ ಬೇಕಾದದ್ದು ನೀರಂಶವಿಲ್ಲದ ಬಟ್ಟೆ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಬರೀ ‘ಸೋಡಾ’ ಎಂದರೆ ಮನೆಯಿಂದ ಅಡುಗೆ ಸೋಡಾ ಬರುತ್ತದೆ. ಅದರ ಕ್ಷಾರ ಸಾಲದು, ಚಿತ್ರ ಮೂಡುವುದಿಲ್ಲ. ಕಾಸ್ಟಿಕ್ ಸೋಡಾ ಬಂದರಂತೂ ಕೈ ಸುಡುತ್ತದೆ. ಅಂಗಡಿಯ ಬಟ್ಟೆ ಸೋಡಾ ಪುಡಿಯಾಗಿರದೆ ಪಾರದರ್ಶಕ ಹರಳಾಗಿದ್ದರೆ ಅದರ ತೂಕದಲ್ಲಿ ಬಹುಪಾಲು ನೀರೇ; ಆಗ 54 ಅಲ್ಲ, 146 ಗ್ರಾಂ ಹಾಕಬೇಕು. ‘ಕಾಫಿ ಪುಡಿ’ ಎಂದೂ ಬರೆಯಬೇಡಿ, ಡಿಕಾಕ್ಷನ್ನಿನ ಪುಡಿ ತರುತ್ತಾರೆ. ಇನ್‌ಸ್ಟಂಟಿನಲ್ಲೂ ಚಿಕೋರಿ ಬೆರೆತಿದ್ದರೆ ಕಾಫಿಯ ಪಾಲು ಕಡಿಮೆ. ಮೊದಲು ಗೇಣುದ್ದ ತುಂಡಿನ ಮೇಲೆ ಪರೀಕ್ಷಿಸಿ.

ಮೊದಲು ಸೋಡಾ ಪೂರ್ತಿ ಕರಗಲಿ, ಆಮೇಲೆ ವಿಟಮಿನ್ ಸಿ, ಕೊನೆಗೆ ಕಾಫಿ. ನೊರೆ ಇಳಿಯಲು ಐದು ನಿಮಿಷ ಬಿಡಿ. ನೊರೆಗುಳ್ಳೆ ಕೂತಲ್ಲಿ ಕಲೆ ಬೀಳುತ್ತದೆ. ವಿಜಯಪುರದಲ್ಲಿ ಬೋರಿನ ಗಡಸು ನೀರಾದರೆ ಸೋಡಾ ಹಾಕುತ್ತಲೇ ಬಿಳಿ ಪುಡಿ ಕೂರುತ್ತದೆ. ಕಲಸಲು ಫಿಲ್ಟರ್ ನೀರು ತನ್ನಿ, ತೊಳೆಯಲು ಬೋರಿನದಾದೀತು. ಬೇಸಿಗೆಯಲ್ಲಿ ಟಾಕಿಯ ನೀರು 30 ಡಿಗ್ರಿ ದಾಟಿದ್ದರೆ ಲೇಪ ಮೆತ್ತಗಾಗಿ ಉಗುರು ತಾಗಿದರೂ ಕಿತ್ತುಬರುತ್ತದೆ. ಮೂಡಿಸುವಾಗಿನಷ್ಟೇ ತಂಪು ಹೈಪೋದಲ್ಲೂ ತೊಳೆಯುವ ನೀರಿನಲ್ಲೂ ಇರಬೇಕು. ಬಕೆಟ್ಟಿನಲ್ಲಿ ಐಸ್ ಹಾಕಿ ಅದರೊಳಗೆ ಬಾಟಲಿಗಳನ್ನು ನಿಲ್ಲಿಸಿ. ಐಸನ್ನು ದ್ರಾವಣಕ್ಕೇ ಹಾಕಿದರೆ ಅಳತೆ ಕೆಡುತ್ತದೆ.

ಹೈಪೋದ ಹೊತ್ತನ್ನು ನಿಮಿಷದಲ್ಲಿ ಬರೆಯದೆ ಹೀಗೆ ಬರೆಯಿರಿ: ಫಿಲ್ಮಿನ ತುದಿಯ ತುಂಡೊಂದನ್ನು ಬೆಳಕಿನಲ್ಲೇ ಹೈಪೋಕ್ಕೆ ಹಾಕಿ, ಹಾಲಿನಂಥ ಬಿಳುಪು ಹೋಗಿ ತಿಳಿಯಾಗುವವರೆಗಿನ ಹೊತ್ತನ್ನು ಎಣಿಸಿ, ಅದರ ಎರಡರಷ್ಟು ಬಿಡಿ. ಆ ‘ತಿಳಿ’ ಪದ ನಮ್ಮಲ್ಲಿ ಮೊದಲೇ ಇದೆ, ತಿಳಿನೀರಿನ ತಿಳಿ. ಹೊಸದು ಕಟ್ಟುವುದು ಬೇಡ.