ಅಲ್ ಖಲೂಫ್ ಬೀಚಲ್ಲಿ ಟೆಂಟ್, ಗಾಳ: ಏನೇನ್ ತಯಾರಿ ಬೇಕು?

ಪ್ರಶ್ನೆ: ಮಸ್ಕತ್‌ನಲ್ಲಿರೋ ನಾವು ನಾಲ್ಕು ಜನ ಡಿಸೆಂಬರಲ್ಲಿ ಒಮಾನ್ ಕಡಲತೀರದ ಅಲ್ ಖಲೂಫ್ ಹತ್ರ ಬಿಳಿ ಮರಳಿನ ದಿಬ್ಬಗಳಿದಾವಲ್ಲ ಅಲ್ಲಿ ಟೆಂಟ್ ಹಾಕಿ ಮೀನು ಹಿಡಿಯೋಣ ಅಂತಿದೀವಿ, ಗಾಳಿ ತುಂಬಾ ಅಂತಾರೆ, ಟೆಂಟ್ ನಿಲ್ಲುತ್ತಾ? ಗಾಡಿ ಫೋರ್ ವೀಲ್ ಡ್ರೈವ್.

ಉತ್ತರ: ಡಿಸೆಂಬರ್ ಒಳ್ಳೇ ಟೈಮ್ ಸಾರ್, ಜೂನ್‌ನಿಂದ ಸೆಪ್ಟೆಂಬರ್ ನೈಋತ್ಯ ಮಾನ್ಸೂನ್ ಗಾಳಿಗೆ ಆ ಕಡಲತೀರದಲ್ಲಿ ನಿಲ್ಲೋದೇ ಕಷ್ಟ. ಟೆಂಟ್ ಜೊತೆ ಬರೋ ಸಣ್ಣ ಗೂಟ ಮರಳಲ್ಲಿ ಹಿಡಿಯಲ್ಲ, ಖಾಲಿ ಅಕ್ಕಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಮೊಳದಾಳ ಹೂತುಬಿಡಿ, ಎತ್ತರದ ಫ್ಯಾಮಿಲಿ ಟೆಂಟ್ ಬೇಡ, ತಗ್ಗಿನ ಡೋಮ್ ಟೆಂಟೇ ಸರಿ, ಗಾಳಿ ಬರೋ ಕಡೆ ಗಾಡಿ ಅಡ್ಡ ನಿಲ್ಸಿ. ಸ್ಟೌಗೆ ಮರೆ ಇಲ್ದಿದ್ರೆ ಅನ್ನ ಬೇಯಲ್ಲ, ಆದ್ರೂ ಟೆಂಟ್ ಒಳಗೆ ಮಾತ್ರ ಹಚ್ಚಲೇಬೇಡಿ.

ಉತ್ತರ: ಒಂದೇ ಗಾಡೀಲಿ ಹೋಗ್ಬೇಡಿ ದಯವಿಟ್ಟು. ಮರಳಿಗೆ ಇಳಿಯೋ ಮುಂಚೆ ಟೈರ್ ಗಾಳಿ 15-18 ಪಿಎಸ್ಐಗೆ ಇಳಿಸಿ, ವಾಪಸ್ ತುಂಬೋಕೆ ಕಂಪ್ರೆಸರ್, ಸಲಿಕೆ, ಎಳೆಯೋ ಹಗ್ಗ ಇರ್ಲಿ. ಆ ಕಡೆ ಸಬ್ಖಾ ಇದೆ, ಮೇಲೆ ಒಣಗಿದ ಉಪ್ಪಿನ ಪದರ ಕೆಳಗೆ ಕೆಸರು, ಹಳೇ ಚಕ್ರದ ಗುರುತು ಬಿಟ್ಟು ಆಚೀಚೆ ಹೋದ್ರೆ ಗಾಡಿ ಕೂತ್ಕೊಳ್ಳುತ್ತೆ. ಭರತದ (ಸಮುದ್ರ ಉಕ್ಕೋ) ಟೈಮ್ ನೋಡ್ಕೊಂಡೇ ದಡದಲ್ಲಿ ಓಡ್ಸಿ.

ಉತ್ತರ: ನಾನು ಕುಂದಾಪುರದವ, ಗಾಳದ ವಿಷಯ ಹೇಳ್ತೆ ಮಾರಾಯ್ರೆ. ಎದುರು ಗಾಳಿಗೆ ದಪ್ಪ ದಾರ ದೂರ ಹೋಗಲ್ಲ, ತೆಳು ಬ್ರೇಡ್ (ಹೆಣೆದ ದಾರ) ಹಾಕಿ, ಮುಳ್ಳಿರೋ ಭಾರದ ಸೀಸ ಕಟ್ಟಿ ಆಗ ಅಲೆಗೆ ಜಾರಲ್ಲ. ಎರೆಗೆ ಬೊಂಡಾಸ್ (ಸ್ಕ್ವಿಡ್) ಗಟ್ಟಿ, ಎಸೆದಾಗ ಬಿದ್ದುಹೋಗಲ್ಲ. ರೀಲನ್ನ ಮರಳ ಮೇಲೆ ಇಡಬೇಡಿ. ಲೈಸೆನ್ಸ್ ಮೊದಲೇ ವಿಚಾರಿಸ್ಕೊಳ್ಳಿ. ಅಂಜಲ್ (ಕಿಂಗ್‌ಫಿಶ್) ಮೀನು ಹಿಡಿಯೋಕೆ ಒಮಾನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15 ನಿಷೇಧ, ನಿಮ್ಮ ಡಿಸೆಂಬರ್‌ಗೆ ತೊಂದ್ರೆ ಇಲ್ಲ.